ಉಡಿದಾರದ ಕೆಳಗಿನ ಕೆಂಪು

ಎಳೆಗೂಸನ್ನು ಪರೀಕ್ಷಿಸುವುದಕ್ಕೆ ನನಗೆ ಒಂದೇ ಕ್ರಮ ಗೊತ್ತು. ಬಟ್ಟೆ ಪೂರ್ತಿ ಬಿಚ್ಚಬೇಕು. ನೆತ್ತಿಯಿಂದ ಅಂಗಾಲಿನವರೆಗೆ ಬರಬೇಕು. ಚರ್ಮದ ಪ್ರತಿ ಮಡಿಕೆಯನ್ನೂ ಬಿಡಿಸಿ ನೋಡಬೇಕು. ಬಾಯಿಯನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳಬೇಕು, ಏಕೆಂದರೆ ಬಾಯಿ ತೆರೆಸಿದರೆ ಕೂಸು ಅಳುತ್ತದೆ, ಅಳುವ ಕೂಸಿನ ಎದೆಯ ಸದ್ದು ಕೇಳಿಸುವುದಿಲ್ಲ. ಹುಬ್ಬಳ್ಳಿಯಲ್ಲಿ ನಾನು ಓದುತ್ತಿದ್ದಾಗ ಮಕ್ಕಳ ವಾರ್ಡಿನ ಪ್ರೊಫೆಸರು ಈ ಕ್ರಮ ತಪ್ಪಿದವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಆಮೇಲೆ ವಿಲಾಯತಿಯ ಫೆಲ್ಥಮ್‌ನಲ್ಲಿ ಜಿಪಿಯಾಗಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆಯಾಗಿ, ಇದ್ದಷ್ಟು ವರ್ಷವೂ ನಾನು ಅದನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಕೂಸಿನ ಬಟ್ಟೆ ಬಿಚ್ಚುವಷ್ಟರಲ್ಲೇ ಒಬ್ಬ ರೋಗಿಗೆ ಸಿಗುವ ಸಮಯದ ಅರ್ಧ ಮುಗಿದಿರುತ್ತಿತ್ತು. ಮುಗಿಯಲಿ.

ತೊಂಬತ್ತರ ದಶಕದ ಅಂಥದೊಂದು ಚಳಿಗಾಲದಲ್ಲಿ ವಿಜಾಪುರದ ಕಡೆಯ ಅತ್ತೆ-ಸೊಸೆ ಎಳೆಯ ಗಂಡುಕೂಸೊಂದನ್ನು ತಂದರು. ಸೊಸೆ ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಅಡುಗೆಮನೆಯಲ್ಲಿ ಕೆಲಸದವಳು, ಆಗ ಹೆರಿಗೆ ರಜೆಯಲ್ಲಿದ್ದಳು. ಅತ್ತೆ ಬಾಣಂತನಕ್ಕೆಂದು ಊರಿನಿಂದ ಬಂದಿದ್ದರು. ತೋರಿಸಲು ಬಂದಿದ್ದು ಕೂಸಿನ ಕೆಂಪು ಗುಳ್ಳೆಗಳನ್ನು. ಆದರೆ ಮನೆಯಲ್ಲಿ ನಡೆದಿದ್ದ ಜಗಳ ಹಾಲಿನದು. ಸೊಸೆ ಎದೆಹಾಲು ಬಿಡಿಸಿ ಬಾಟಲಿ ಹಾಲು ಹಾಕಬೇಕೆಂದಿದ್ದಳು. ಅತ್ತೆ ಕೂಡದೆಂದಿದ್ದರು.

"ಡಾಕ್ಟರ್, ಡಬ್ಬಿ ಹಾಲು ಕೊಟ್ರ ಇದು ಕಡಿಮಿ ಆಗ್ತೈತೇನ್ರಿ?" ಎಂದು ಸೊಸೆ ಕೇಳಿದಳು.

"ನೋಡ್ರಿ ಡಾಕ್ಟರವ್ವಾ, ಕೂತ್ರ ನಿಂತ್ರ ಇದ ಮಾತು," ಎಂದರು ಅತ್ತೆ. "ಎದಿಯಾಗ ಹಾಲು ತುಂಬಿ ಹರಿಯಾಕತ್ತೈತಿ, ಈಕಿಗೆ ಡಬ್ಬಿ ಬೇಕಂತ."

ನಾನು ಕೂಸಿನ ಬಟ್ಟೆ ಬಿಚ್ಚತೊಡಗಿದೆ. ಮೊದಲು ನೋಡಬೇಕು, ಆಮೇಲೆ ಮಾತು.

ನ್ಯಾಪಿಯ ಒದ್ದೆಗೆ ಏಳುವ ಸಾಧಾರಣ ಕೆಂಪು ಉಬ್ಬಿದ ಭಾಗಗಳನ್ನು ಹಿಡಿಯುತ್ತದೆ, ಮಡಿಕೆಗಳನ್ನು ಬಿಟ್ಟುಬಿಡುತ್ತದೆ. ಇಲ್ಲಿ ತದ್ವಿರುದ್ಧ. ತೊಡೆಸಂದಿಯ ಆಳದಲ್ಲೇ ಕೆಂಪು ಗಾಢವಾಗಿತ್ತು. ಅದರ ಅಂಚಿನಾಚೆ ಊರು ಬಿಟ್ಟು ಹೊರಗೆ ಹಾಕಿದ ಗುಡಿಸಲುಗಳ ಹಾಗೆ ಸಣ್ಣ ಸಣ್ಣ ಬಿಡಿ ಗುಳ್ಳೆಗಳು. ಇದು ಫಂಗಸ್ಸಿನ ಗುರುತು. ಇಷ್ಟು ನನಗೆ ದಿನವೂ ಕಾಣುತ್ತಿದ್ದದ್ದೇ. ಹಿಂದೆಂದೂ ಕಾಣದೆ ಇದ್ದದ್ದೆಂದರೆ ಸೊಂಟದ ಸುತ್ತ ಎಳೆದಂತಿದ್ದ ಒಂದು ಕೆಂಪು ಗೆರೆ. ಅದರ ಮೇಲೆ ಕರಿ ಉಡಿದಾರ. ಮುಟ್ಟಿದೆ. ದಾರ ತೇವವಾಗಿತ್ತು.

ನನಗೆ ಕುತೂಹಲ ಹತ್ತಿಕೊಂಡಿತು. ನಮ್ಮ ಕಡೆ ಕೂಸುಗಳು ಅರ್ಧ ದಿನ ಉಡಿದಾರವೊಂದನ್ನೇ ಉಟ್ಟು ಬಿಸಿಲಲ್ಲಿ ಮಲಗಿರುತ್ತವೆ. ಸ್ನಾನದ ನೀರು ಅಲ್ಲೇ ಆರಿಹೋಗುತ್ತದೆ. ಇಲ್ಲಿ ಅದೇ ದಾರ ಪ್ಲಾಸ್ಟಿಕ್ ನ್ಯಾಪಿಯ ಒಳಗೆ, ಅದರ ಮೇಲೆ ಎರಡು ಪದರ ಉಣ್ಣೆ, ಪಕ್ಕದಲ್ಲಿ ಕೋಣೆ ಕಾಯಿಸುವ ರೇಡಿಯೇಟರ್. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಒಂದು ಕಾರಣ ಕೈಗೆ ಸಿಕ್ಕಿತೆಂದು ನನಗೆ ಖುಷಿಯೋ ಖುಷಿ. ಕೂಸಿನ ನಾಲಗೆಯೂ ಬೆಳ್ಳಗಿತ್ತು. ಆಗಷ್ಟೇ ಹಾಲು ಕುಡಿದಿತ್ತು, ಹಾಲೇ ಇರಬೇಕೆಂದುಕೊಂಡೆ.

"ಇದು ಒಂದು ಥರದ ಬೂಷ್ಟು," ಎಂದೆ. "ಒದ್ದಿ ಇದ್ದಲ್ಲಿ ಬೆಳೀತದ."

"ಕೂಸಿಗೆ ಬೂಷ್ಟು? ನಾವೇನು ಕೂಸನ್ನ ಉಪ್ಪಿನಕಾಯಿ ಭರಣ್ಯಾಗ ಇಟ್ಟೀವೇನ್ರಿ?" ಎಂದರು ಅತ್ತೆ.

ಸೊಸೆ ನಗು ತಡೆದುಕೊಂಡಳು. ಮುಲಾಮು ಬರೆದುಕೊಟ್ಟೆ. ಮಡಿಕೆಗಳನ್ನು ಒರೆಸಿ ಆರಿಸಬೇಕು, ಪೌಡರ್ ಬೇಡ, ದಿನಕ್ಕೆ ಸ್ವಲ್ಪ ಹೊತ್ತು ನ್ಯಾಪಿ ಇಲ್ಲದೆ ಮಲಗಿಸಬೇಕು ಎಂದು ಹೇಳಿದೆ. ವಾಸಿಯಾಗುವತನಕ ದಾರ ಬಿಚ್ಚಿಡಬೇಕು ಎಂದದ್ದಕ್ಕೆ ಅತ್ತೆ ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ ತಾವೇ ಗಂಟು ಸಡಿಲಿಸಿ ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

"ಬಿಚ್ಚೇನಿ. ಆರಾಮ ಆಗಲಿಲ್ಲಂದ್ರ ನಿಮ್ಮನ್ನ ಕೇಳಾಕ ಬರ್ತೀನಿ."

ಬಂದೇ ಬಂದರು. ಈ ಸಲ ಕುರ್ಚಿಯಲ್ಲಿ ಕೂರುವ ಮೊದಲೇ ಕೂಸಿನ ಗದ್ದ ಎತ್ತಿ ತೋರಿಸಿದರು. ಕುತ್ತಿಗೆಯ ಮಡಿಕೆಯಲ್ಲಿ ಅದೇ ಕೆಂಪು, ಅಂಚಿನಲ್ಲಿ ಅವೇ ಬಿಡಿ ಗುಳ್ಳೆಗಳು.

"ಸ್ವಾಂಟದಾಗ ಹೋತು, ಖರೆ. ಕುತ್ತಿಗಿಗೆ ಬಂತು. ಕುತ್ತಿಗಿಗೇನು ಉಡದಾರ ಕಟ್ಟಿದ್ವೇನ್ರಿ ಡಾಕ್ಟರವ್ವಾ?"

ನನಗೆ ಜೋರಾಗಿ ನಗು ಬಂತು. ಪ್ರಶ್ನೆ ಸರಿಯಾಗಿತ್ತು. ದಾರ ಬೂಷ್ಟಿಗೆ ಮನೆ ಕಟ್ಟಿಕೊಟ್ಟಿತ್ತು, ನಿಜ. ಆದರೆ ಬೂಷ್ಟನ್ನು ಕರೆತಂದದ್ದು ದಾರವಲ್ಲ. ಕುತ್ತಿಗೆಯ ಮಡಿಕೆಗೆ ಇಳಿಯುವುದು ಜೊಲ್ಲು ಮತ್ತು ಹಾಲು. ಎರಡೂ ಬರುವುದು ಬಾಯಿಂದ.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂಸಿನ ಬಾಯಿ ತೆರೆಸಿದೆ. ನಾಲಗೆ ಬೆಳ್ಳಗೆ, ಕೆನ್ನೆಯ ಒಳಬದಿಯಲ್ಲಿ ಮೊಸರು ಅಂಟಿದಂಥ ಮಚ್ಚೆಗಳು.

"ಹಾಲು ಕುಡಿಯೂ ಬಾಯಿ. ಬೆಳ್ಳಗಿರದ ಕರ್ರಗ ಇರ್ತೈತೇನು?" ಎಂದರು ಅತ್ತೆ.

ಹಾಲಾಗಿದ್ದರೆ ಒರೆಸಿದೊಡನೆ ಹೋಗುತ್ತದೆ. ಮೆಲ್ಲಗೆ ಒರೆಸಿದೆ. ಹೋಗಲಿಲ್ಲ. ಒಂದು ಮಚ್ಚೆಯ ತುದಿ ಎದ್ದಲ್ಲಿ ಕೆಳಗೆ ಹಸಿ ಕೆಂಪು ಕಂಡಿತು. ಕೂಸು ಕಿರುಚಿತು. ಬಾಯಿಂದ ಕುತ್ತಿಗೆಗೆ, ಹೊಟ್ಟೆಯ ಮೂಲಕ ಮಲದೊಡನೆ ತೊಡೆಸಂದಿಗೆ, ದಾರಿ ಈಗ ಸ್ಪಷ್ಟವಾಗಿತ್ತು. ಹಾಗಾದರೆ ಈ ಬಾಯಿ ದಿನವಿಡೀ ಮುಟ್ಟುವುದು ಏನನ್ನು?

ಸೊಸೆಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅತ್ತೆಗೆ ಕೂಸನ್ನು ಪಕ್ಕದ ಕೋಣೆಗೆ ಒಯ್ದು ನರ್ಸ್ ಹತ್ತಿರ ತೂಕ ಮಾಡಿಸಿಕೊಂಡು ಬರಲು ಹೇಳಿದೆ. ಬಾಗಿಲು ಮುಚ್ಚಿದ ಮೇಲೆ ಕೇಳಿದೆ:

"ಕುಡಿಸೂ ಮುಂದ ನೋವಾಗ್ತದೇನವಾ?"

ಅವಳ ಕಣ್ಣು ತುಂಬಿತು. "ಗಾಜು ಚುಚ್ಚಿದಂಗ ಆಗ್ತೈತ್ರಿ. ಕುಡಿಸಿ ಮುಗದ್ರೂ ಬೆನ್ನಿನ ತನಕ ಉರೀತೈತಿ. ಅವ ಅತ್ತ ಕೂಡ್ಲೇ ಭಯ ಬರ್ತೈತ್ರಿ ನನಗ, ನನ್ನ ಕೂಸಿಗೇ."

"ಮನ್ಯಾಗ ಹೇಳಲಿಲ್ಲ?"

"ಅತ್ತಿ ಐದು ಮಂದಿಗೆ ಕುಡಿಸ್ಯಾರ್ರಿ. ಏನಂತ ಹೇಳ್ಲಿ? ಡಬ್ಬಿ ತಂದು ಇಟ್ಟೇನಿ. ನಾಳಿಂದ ಬಿಡಿಸೋದಂತ ಮಾಡೇನಿ."

ಪರೀಕ್ಷಿಸಿದೆ. ಮೊಲೆತೊಟ್ಟು ಹೊಳೆಯುವ ಕೆಂಪಾಗಿ ಸಣ್ಣಗೆ ಬಿರಿದಿತ್ತು. ತಾಯಿ ಕೂಸಿಗೆ, ಕೂಸು ತಾಯಿಗೆ, ಒಂದೇ ಬೂಷ್ಟನ್ನು ಹಿಂದಕ್ಕೂ ಮುಂದಕ್ಕೂ ದಾಟಿಸುತ್ತಿದ್ದರು. ಒಬ್ಬರಿಗಷ್ಟೇ ಔಷಧ ಕೊಟ್ಟು ಪ್ರಯೋಜನವಿಲ್ಲ. ಇಬ್ಬರಿಗೂ ಒಂದೇ ದಿನ ಆರಂಭಿಸಬೇಕು: ಕೂಸಿನ ಬಾಯಿಗೆ ಪ್ರತಿ ಸಲ ಕುಡಿದ ಮೇಲೆ ಹಳದಿ ಔಷಧದ ಹನಿ, ತಾಯಿಗೆ ಮುಲಾಮು, ಕುಡಿಸುವ ಮೊದಲು ಉಳಿದದ್ದನ್ನು ಒರೆಸಿಕೊಳ್ಳುವುದು. ಕೂಸು ಚೀಪುವ ರಬ್ಬರ್ ತೊಟ್ಟನ್ನು, ಅಲ್ಲಿಯವರು ಡಮ್ಮಿ ಎನ್ನುವುದನ್ನು, ಕುದಿಸಬೇಕು.

"ನಾಳೆ ಬಿಡಿಸಬ್ಯಾಡ," ಎಂದೆ. "ಮೊದಲು ಈ ಔಷಧ ನೋಡು. ಆಮೇಲೂ ನೋವು ಇತ್ತಂದ್ರ ನಾನ ಡಬ್ಬಿ ಹಾಲು ಕೊಡು ಅಂತೀನಿ, ನಿಮ್ಮ ಅತ್ತೀಗೂ ನಾನ ಹೇಳ್ತೀನಿ."

ಅತ್ತೆ ಮರಳಿ ಬಂದಾಗ ಸೊಸೆ ತಲೆಯಾಡಿಸಿ ಒಪ್ಪಿದ್ದರಿಂದ ನಾನೇ ವಿಷಯ ತಿಳಿಸಿದೆ. ಅವರು ಕೂಸನ್ನು ಎತ್ತಿಕೊಂಡೇ ಸೊಸೆಯತ್ತ ತಿರುಗಿದರು.

"ಹುಚ್ಚಿ. ಮೊದಲ ಹೇಳಾಕ ಏನಾಗಿತ್ತು? ಐದು ಹಡದಾಕಿಗೆ ನೋವು ಗೊತ್ತಿಲ್ಲೇನು? ನಡೂಕಿನವ ಹುಟ್ಟಿದಾಗ ನಾ ಸೆರಗು ಕಚ್ಚಿಕೊಂಡು ಕುಡಿಸೇನಿ."

"ನೀವೂ ಯಾರಿಗೂ ಹೇಳಿಲ್ಲಲ್ರಿ ಅತ್ತಿ, ಮತ್ತ?"

ಅತ್ತೆ ಕೂಸನ್ನು ಸೊಸೆಯ ಮಡಿಲಿಗಿಟ್ಟರು. ಆಮೇಲೆ ನನಗೆ, "ಆ ಹನಿ ಹೆಂಗ ಹಾಕೂದು, ಇನ್ನೊಮ್ಮೆ ಹೇಳ್ರಿ," ಎಂದರು.

ಕೆಲವು ವಾರಗಳ ನಂತರ ಮೂವರೂ ಬಂದರು. ನೆತ್ತಿಯಿಂದ ಅಂಗಾಲಿನವರೆಗೆ ನೋಡಿದೆ. ಕುತ್ತಿಗೆ ಒಣಗಿತ್ತು, ತೊಡೆಸಂದಿ ಒಣಗಿತ್ತು, ಬಾಯಿ ಗುಲಾಬಿ. ಬಾಯಿ ತೆರೆಸಿದ್ದಕ್ಕೆ ಕೂಸು ವಾಡಿಕೆಯಂತೆ ಕಿರುಚಿತು. ಸೊಸೆ ಕುರ್ಚಿ ಎಳೆದುಕೊಂಡು ಅಲ್ಲೇ ಎದೆಗಿಟ್ಟುಕೊಂಡಳು. ನಾನು ಅವಳ ಮುಖ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಲಿಲ್ಲ.

ಅತ್ತೆ ನನ್ನ ಮೇಜಿನತ್ತ ಬಾಗಿದರು. "ಡಾಕ್ಟರವ್ವಾ, ಒಂದು ಕೇಳ್ತೀನಿ. ಮೊದಲ ಯಾರಿಗೆ ಬಂತದು? ತಾಯಿಗೋ, ಕೂಸಿಗೋ?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ನಿವೃತ್ತಿಯಾಗುವತನಕ ಅಂಥ ಎಷ್ಟೋ ಜೋಡಿಗಳನ್ನು ನೋಡಿ ವಾಸಿ ಮಾಡಿದೆ. ಪ್ರತಿ ಸಲವೂ ಆ ಪ್ರಶ್ನೆ ಕೇಳಿಕೊಂಡೆ, ಒಮ್ಮೆಯೂ ಖಚಿತವಾಗಿ ಹೇಳಲಾಗಲಿಲ್ಲ.

"ಯಾರಿಗೆ ಬಂದಿದ್ರೇನ್ರಿ ಅತ್ತಿ," ಎಂದಳು ಸೊಸೆ, ಕೂಸಿನಿಂದ ಕಣ್ಣು ತೆಗೆಯದೆ. "ಈಗ ಸುಮ್ಕ ಕೂಡ್ರಿ, ಅವ ಕುಡೀಲಿ."

ಹೊರಗೆ ಮುಂದಿನ ರೋಗಿ ಕಾಯುತ್ತಿದ್ದರು. ಪಕ್ಕದ ಕೋಣೆ ಖಾಲಿಯಿತ್ತು. ಅಲ್ಲಿ ಕೂತು ಸಾವಕಾಶ ಮುಗಿಸಲಿ ಎಂದು ನಾನೇ ಬಾಗಿಲು ತೆರೆದುಕೊಟ್ಟೆ.