ಎರಡು ಒಲೆ, ಐದು ತಟ್ಟೆ

ನೇತ್ರಾವತಿ ಹುಟ್ಟಿದ್ದು ಗುಬ್ಬಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಒಂದು ಖಾನಾವಳಿಯ ಮನೆಯಲ್ಲಿ. ಅವಳ ಅಪ್ಪ ಅಡವಿಯಪ್ಪನ ಖಾನಾವಳಿಗೆ ಬೋರ್ಡೂ ಇರಲಿಲ್ಲ, ಮೆನುವೂ ಇರಲಿಲ್ಲ. ಸಂತೆಗೆ ಬಂದವರು, ಕೋರ್ಟಿಗೆ ಬಂದವರು, ಕೊಬ್ಬರಿ ಮಂಡಿಯ ಹಮಾಲರು ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತು, ಅವತ್ತು ಒಲೆಯ ಮೇಲೆ ಏನಿದೆಯೋ ಅದನ್ನು ಉಂಡು ಹೋಗುತ್ತಿದ್ದರು. ಯಾರಾದರೂ ಇನ್ನೇನಾದರೂ ಕೇಳಿದರೆ ಅಡವಿಯಪ್ಪ ನಗುತ್ತ, "ಅದು ನಾಳೆ. ಇವತ್ತು ಇದೇ ಕಣಪ್ಪ" ಎನ್ನುತ್ತಿದ್ದ. ಅಂಥ ಮನೆಯಲ್ಲಿ ಕುಕ್ಕೆಗಟ್ಟಲೆ ಈರುಳ್ಳಿ ಹೆಚ್ಚಿ ಬೆಳೆದವಳಿಗೆ, ಮುಂದೆ ಬರೀ ಐದು ಜನರ ರಾತ್ರಿಯೂಟ ದೊಡ್ಡ ತಲೆನೋವಾಗುತ್ತದೆ ಎಂದು ಹೇಳಿದ್ದರೆ ನಂಬುತ್ತಿರಲಿಲ್ಲ.

ಈಗ ಅವಳು ತುಮಕೂರಿನ ಬಟವಾಡಿಯಲ್ಲಿ ಗಂಡ, ಮಗಳು, ಅತ್ತೆ, ಮಾವನ ಜೊತೆ ಇದ್ದಾಳೆ. ಸತ್ಯಮಂಗಲದಲ್ಲಿ ರಬ್ಬರ್ ವಾಷರ್ ಮಾಡುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಾಳೆ. ಅಲ್ಲಿ ಹತ್ತಾರು ಹೆಂಗಸರು ಅವಳ ಮಾತು ಕೇಳುತ್ತಾರೆ. ಸಂಜೆ ಮನೆಗೆ ಬಂದರೆ ಎರಡು ಒಲೆಗಳೂ ಅವಳ ಮಾತು ಕೇಳುವುದಿಲ್ಲ.

ಮೊದಲು ಶುರುವಾದದ್ದು ಮಾವನಿಂದ. ಕರಿಬಸವಯ್ಯನವರು ಕುಣಿಗಲ್ ಕಡೆಯವರು, ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಲಿಂಗಪೂಜೆ ಅವರಿಗೆ ಮೊದಲಿನಿಂದಲೂ ಇತ್ತು. ಆದರೆ ಹೃದಯದ ಆಪರೇಷನ್ ಆದ ವರ್ಷ ಶ್ರಾವಣ ಪೂರ್ತಿ ಒಂದು ಮಠದಲ್ಲಿ ಇದ್ದು ಬಂದವರು, ನಿಯಮ ಹಿಡಿದುಬಿಟ್ಟರು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರು. ಸಂಜೆಯ ಪೂಜೆಯಾದ ಮೇಲೆ ತಾವು ಉಣ್ಣುವ ಅಡುಗೆಯನ್ನು, ಮಿಂದು ವಿಭೂತಿ ಇಟ್ಟುಕೊಂಡವರೇ ಮಾಡಬೇಕು ಅಂದರು. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು ಬಂತು. ಕಿಟಕಿಯ ಪಕ್ಕದ ಕಲ್ಲಿನ ಮೇಲೆ ಬೇರೆಯದೇ ಒಂದು ಒಲೆಯೂ ಬಂತು.

ಎಲ್ಲರಿಗೂ ಅದೇ ಅಡುಗೆ ಮಾಡಿದರೆ ಮುಗಿಯಿತಲ್ಲ ಎಂದುಕೊಂಡು ನೇತ್ರಾವತಿ ಒಂದು ವಾರ ಹಾಗೇ ಮಾಡಿ ನೋಡಿದಳು. ಅತ್ತೆ ಸಿದ್ದಗಂಗಮ್ಮ ತಟ್ಟೆ ಮುಂದೆ ಕೂತು ಮುಖ ಗಂಟುಹಾಕಿದರು.

"ಮಠಕ್ಕೋಗಿ ಬಂದೋರು ಅವ್ರು ಕಣವ್ವ, ನಾನಲ್ಲ. ಈರುಳ್ಳಿ ಇಲ್ದಿದ್ ಸಾರಲ್ಲಿ ಮುದ್ದೆ ಗಂಟ್ಲಲ್ಲಿ ಇಳಿಯಾಕಿಲ್ಲ."

ಸಿದ್ದಗಂಗಮ್ಮನಿಗೆ ಸಕ್ಕರೆ ಕಾಯಿಲೆ. ಅನ್ನ ಕಂಡರೆ ಡಾಕ್ಟರು ಬೈಯುತ್ತಾರೆ. ಹಲ್ಲಿಲ್ಲದ ಕಾರಣ ಚಪಾತಿಯನ್ನು ಸಾರಿನಲ್ಲಿ ಗಂಟೆಗಟ್ಟಲೆ ನೆನೆಸಬೇಕು. ಉಳಿದದ್ದು ರಾಗಿ ಮುದ್ದೆಯೊಂದೇ, ಅದೂ ಬಿಸಿಯಾಗಿರಬೇಕು, ಅದರ ಸಾರು ಖಾರವಾಗಿರಬೇಕು.

ಗಂಡ ಕಿರಣ್‌ಕುಮಾರ್ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಅವನಿಗೆ ಹೋದ ವರ್ಷ ಕಿಡ್ನಿಯಲ್ಲಿ ಕಲ್ಲು, ಜೊತೆಗೆ ಯೂರಿಕ್ ಆಸಿಡ್. ಪಾಲಕ್ ಬೇಡ, ಟೊಮೆಟೊ ಕಮ್ಮಿ, ಬೇಳೆ ಕಮ್ಮಿ. ಬೇಳೆ ಕಮ್ಮಿ ಮಾಡಿ ಸಾರು ಮಾಡುವುದು ಹೇಗೆ ಎಂದು ಕೇಳಿದರೆ ಅವನು ಮೊಬೈಲಿನಿಂದ ತಲೆ ಎತ್ತದೆ, "ನಂಗೇನಾದ್ರೂ ನಡೀತದೆ ಬಿಡು" ಎನ್ನುತ್ತಿದ್ದ. ಊಟಕ್ಕೆ ಕೂತ ಮೇಲೆ ಮಾತ್ರ ತಟ್ಟೆಯ ಅಂಚಿಗೆ ಒಂದೊಂದಾಗಿ ಟೊಮೆಟೊ ಚೂರು ಆರಿಸಿಡುತ್ತಿದ್ದ. ಮೂವರ ನಿಯಮಗಳಿಗಿಂತ ಆ ಒಂದು ಮಾತಿಗೆ ನೇತ್ರಾವತಿಗೆ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟರ ಮೇಲೆ ಮಗಳು ಭೂಮಿಕಾ. ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ ಹುಡುಗಿ ತಿಂಗಳುಗಟ್ಟಲೆ ಹೊಟ್ಟೆನೋವು, ಭೇದಿ ಎಂದು ನರಳಿ ಕಡ್ಡಿಯಾದಳು. ಒಬ್ಬ ಡಾಕ್ಟರು ಜಂತುಹುಳು ಅಂದರು, ಇನ್ನೊಬ್ಬರು ಪರೀಕ್ಷೆಯ ಭಯ ಅಂದರು. ಕೊನೆಗೆ ಬೆಂಗಳೂರಿನಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಈ ಹುಡುಗಿಗೆ ಗೋಧಿ ಆಗುವುದಿಲ್ಲ ಎಂದು ಹೇಳಿದರು. ಗೋಧಿ ಎಂದರೆ ಚಪಾತಿ ಒಂದೇ ಅಲ್ಲ, ಮೈದಾ, ರವೆ, ಶ್ಯಾವಿಗೆ, ಬ್ರೆಡ್ಡು, ಬಿಸ್ಕತ್ತು. ಗೋಧಿ ಹಿಟ್ಟಿನ ಕೈ ಸೋಕಿದ ಅನ್ನವೂ ಬೇಡ ಅಂದರು.

ಅವತ್ತು ಬಸ್ಸಿನಲ್ಲಿ ವಾಪಸ್ಸು ಬರುವಾಗಲೇ ನೇತ್ರಾವತಿ ಒಂದು ದಾರಿ ಕಂಡುಕೊಂಡಳು. ಮಾವನ ಒಲೆಯ ಮೇಲೆ ರಾತ್ರಿ ಅನ್ನ, ಸಾರು, ಪಲ್ಯ ಬಿಟ್ಟರೆ ಇನ್ನೇನೂ ಬೇಯುವುದಿಲ್ಲ. ಆ ಕಲ್ಲಿನ ಮೇಲೆ ಚಪಾತಿ ಲಟ್ಟಿಸಿದ್ದೇ ಇಲ್ಲ. ಮನೆಯಲ್ಲಿ ಗೋಧಿ ಸೋಕದ ಜಾಗ ಅಂತಿದ್ದರೆ ಅದೊಂದೇ. ಮಗಳ ತಟ್ಟೆಯನ್ನು ಅಜ್ಜನ ಕಡೆಗೆ ಸೇರಿಸಿದಳು. ರಾಗಿಯನ್ನು ಗಿರಣಿಗೆ ಕಳಿಸದೆ ಮನೆಯಲ್ಲೇ ಬೀಸತೊಡಗಿದಳು. ಅಂಗಡಿಯಿಂದ ಬಂದ ಪ್ರತಿ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರವನ್ನೂ ಓದುವ ಅಭ್ಯಾಸ ಮಾಡಿಕೊಂಡಳು.

ಆದರೂ ಭೂಮಿಕಾ ಚೇತರಿಸಿಕೊಳ್ಳಲಿಲ್ಲ. ಆರು ತಿಂಗಳಾದ ಮೇಲೆ ಡಾಕ್ಟರು ರಕ್ತದ ರಿಪೋರ್ಟು ನೋಡಿ ಹುಬ್ಬು ಏರಿಸಿದರು.

"ಎಲ್ಲೋ ಗೋಧಿ ಹೋಗ್ತಿದೆ. ಕಾಲೇಜ್ ಹತ್ರ ಏನಾದ್ರೂ ತಿಂತಾಳಾ, ವಿಚಾರಿಸಿ."

ಮನೆಯವರೆಲ್ಲ ವಿಚಾರಿಸಿದರು. ಅಜ್ಜ ಸಂಯಮದ ಬಗ್ಗೆ ಉಪದೇಶ ಮಾಡಿದರು. ಅಪ್ಪ, "ಗೋಬಿ ಮಂಚೂರಿ ತಿಂದಿದ್ರೆ ಹೇಳ್ಬಿಡು, ಬೈಯಲ್ಲ" ಅಂದ. ನೇತ್ರಾವತಿಯೂ ಸೋತ ಸಿಟ್ಟಿನಲ್ಲಿ, "ನಾನಿಲ್ಲಿ ಎರಡೆರಡು ಒಲೆ ಮುಂದೆ ಸಾಯ್ತಿದೀನಿ, ನೀನು ಬಾಯಿ ಕಟ್ಟಕ್ಕಾಗಲ್ವೇನೇ?" ಎಂದುಬಿಟ್ಟಳು. "ನಾನು ಹೊರಗೇನೂ ತಿಂದಿಲ್ಲ" ಎಂದು ಹುಡುಗಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಾದ ಮೇಲೆ ಬಂದ ಒಂದು ಗುರುವಾರದ ಸಂಜೆ. ಫ್ಯಾಕ್ಟರಿಯಲ್ಲಿ ಲೋಡ್ ತಡವಾಗಿ ಹೊರಟಿತ್ತು. ನೇತ್ರಾವತಿ ಬಂದವಳೇ ಮಿಂದು, ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಹಣೆಗೆ ವಿಭೂತಿ ಹಚ್ಚಿಕೊಂಡು ಎರಡೂ ಒಲೆ ಹೊತ್ತಿಸಿದಳು. ಒಂದು ಕಡೆ ಮುದ್ದೆಗೆ ಎಸರು, ಇನ್ನೊಂದು ಕಡೆ ಅನ್ನ. ಈ ಕಡೆ ಈರುಳ್ಳಿ ಹಾಕಿದ ಸೊಪ್ಪಿನ ಸಾರು, ಆ ಕಡೆ ಹುರುಳಿಕಾಯಿ ಪಲ್ಯ, ಇಂಗಿನ ಒಗ್ಗರಣೆಯ ಬೇಳೆ ಸಾರು. ಅತ್ತೆ ಹಾಲ್‌ನಿಂದ ಹಸಿವು ಹಸಿವು ಎಂದು ಕೂಗುತ್ತಿದ್ದರು. ಆ ಗಡಿಬಿಡಿಯಲ್ಲಿ ಅವಳ ಕೈಯಲ್ಲಿದ್ದ ಸೊಪ್ಪಿನ ಸಾರಿನ ಸೌಟು ಹೋಗಿ ಬೇಳೆ ಸಾರಿನ ಪಾತ್ರೆಯೊಳಗೆ ಇಳಿಯಿತು.

ಪೂಜೆ ಮುಗಿಸಿ ನೀರಿಗೆಂದು ಬಂದ ಕರಿಬಸವಯ್ಯನವರು ಬಾಗಿಲಲ್ಲೇ ನಿಂತು ಅದನ್ನು ನೋಡಿದರು.

"ಆ ಸೌಟು ಯಾವ್ದು?" ಎಂದರು.

ನೇತ್ರಾವತಿ ಸೌಟನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು. "ಈರುಳ್ಳಿ ಸಾರಿಂದು ಮಾವ," ಎಂದಳು.

"ಇರ್ಲಿ. ನಂಗೆ ಒಂದು ಲೋಟ ಹಾಲು ಸಾಕು," ಎಂದು ಅವರು ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದೊಡ್ಡ ಮನಸ್ಸು ಮಾಡಿದವರ ಶಾಂತಿ ಇತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಹಾಲು ಯಾಕೆ? ಬಿಸಿ ಅನ್ನ ಮಾಡಿದೀನಿ, ಪಲ್ಯ ಮಾಡಿದೀನಿ. ಮನೆಗೆ ಬಂದು ಕಾಫಿ ಕೂಡ ಕುಡ್ದಿಲ್ಲ ಮಾವ ನಾನು. ಒಂದ್ ಸೌಟು ತಪ್ಪಿದ್ದಕ್ಕೆ ನೀವು ಉಪವಾಸ ಮಲಗಿದ್ರೆ ನಾಳೆ ನಂಗೆ ಯಾರ ಮುಖಕ್ಕೂ ಮುಖ ಕೊಡಕ್ಕಾಗಲ್ಲ, ಅದಕ್ಕೇ ಅಲ್ವಾ ಹಾಲು?"

"ನಾನೇನೂ ಅನ್ಲಿಲ್ವಲ್ಲಮ್ಮ."

"ಅನ್ಬೇಡಿ. ಮಾಡ್ಕಳಿ. ನಿಯಮ ನಿಮ್ದು, ಒಲೆ ನಿಮ್ದು. ಮಿಂದಿದೀರಿ, ವಿಭೂತಿ ಇಟ್ಕಂಡಿದೀರಿ. ನೀವೇ ಮಾಡ್ಕಳಿ."

ಹಾಲ್‌ನಲ್ಲಿ ಟಿ.ವಿ. ದನಿ ಇಳಿಯಿತು. ಕಿರಣ್‌ಕುಮಾರ್ ಎದ್ದು ಬಂದು, "ಏನಾಯ್ತು? ನಂಗೇನಾದ್ರೂ..." ಎಂದು ಶುರು ಮಾಡಿದ. ಹೆಂಡತಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

ಮರುದಿನ ಬೆಳಗ್ಗೆ ನೇತ್ರಾವತಿ ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು, ಮಗಳನ್ನೂ ಕರೆದುಕೊಂಡು ಗುಬ್ಬಿಯ ತಂಗಿ ಶಶಿಕಲಾಳ ಮನೆಗೆ ಹೊರಟಳು. ಜಗಳವಾಡಿ ಹೋಗುತ್ತಿಲ್ಲ, ಒಂದು ವಾರ ಅಡುಗೆ ಮಾಡುವುದಿಲ್ಲ ಅಷ್ಟೆ ಎಂದು ಅತ್ತೆಗೆ ಹೇಳಿದಳು. ಸಿದ್ದಗಂಗಮ್ಮ, "ಹೋಗವ್ವ, ಹೋಗು. ಮೇಷ್ಟ್ರು ಕೈ ಅಡುಗೆ ನಾನೂ ಒಂದ್ಸಲ ನೋಡ್ತೀನಿ ಬುಡು" ಅಂದರು.

ಗುಬ್ಬಿಯಿಂದಲೇ ಅವಳು ಕೆಲಸಕ್ಕೆ, ಮಗಳು ಕಾಲೇಜಿಗೆ ಓಡಾಡಿದರು. ಅಡವಿಯಪ್ಪ ತೀರಿಕೊಂಡ ಮೇಲೆ ಖಾನಾವಳಿ ಮುಚ್ಚಿತ್ತು, ಆದರೆ ಶಶಿಕಲಾಳ ಅಡುಗೆ ಅಪ್ಪನದೇ ಕೈ. ಈರುಳ್ಳಿ ಹೊಂಬಣ್ಣಕ್ಕೆ ಬರಬೇಕು, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಬೀಳಬೇಕು. ಅಕ್ಕನ ಮಗಳಿಗೋಸ್ಕರ ಶಶಿಕಲಾ ಆ ವಾರ ಗೋಧಿ ಹಿಟ್ಟಿನ ಡಬ್ಬವನ್ನು ಅಟ್ಟಕ್ಕೆ ಏರಿಸಿದ್ದಳು. ರಾತ್ರಿ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸುತ್ತಿದ್ದಳು. ನೇತ್ರಾವತಿ ಯಾರೋ ಮಾಡಿ ಹಾಕಿದ್ದನ್ನು ಕೂತು ಉಂಡು, ಕೈ ತೊಳೆದು, ಹಾಗೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು.

ವಾರದ ಕೊನೆಯಲ್ಲಿ ಭೂಮಿಕಾ ಬಸ್ ಸ್ಟಾಪಿನಲ್ಲಿ ನಿಂತು ಹೇಳಿದಳು: "ಅಮ್ಮ, ಇಲ್ಲಿಗೆ ಬಂದ್ಮೇಲೆ ನನ್ ಹೊಟ್ಟೆ ಸುಮ್ನಿದೆ. ನೋವೇ ಬಂದಿಲ್ಲ."

ನೇತ್ರಾವತಿಗೆ ಸಂತೋಷವಾಗುವ ಬದಲು ಸಂಕಟವಾಯಿತು. ಇಲ್ಲಿ ನಿಯಮವಿಲ್ಲ, ಬೇರೆ ಒಲೆಯಿಲ್ಲ, ಅಳತೆಯಿಲ್ಲ. ಅಲ್ಲಿ ತಾನು ಸೌಟು ಸೌಟಿಗೂ ಹೆದರಿ ಮಾಡಿದ ಅಡುಗೆ ತಿಂದು ಮಗಳು ನರಳಿದಳು. ಮನೆಯ ಕಿರಿಕಿರಿಯೇ ಹುಡುಗಿಯ ಹೊಟ್ಟೆಗೆ ತಾಕಿರಬೇಕು ಎಂದು ಅವಳು ಅವತ್ತೆಲ್ಲ ತನ್ನನ್ನೇ ಬೈದುಕೊಂಡಳು.

ಅದೇ ಸಂಜೆ ಮಾವನ ಫೋನು ಬಂತು. ಒಂದು ವಾರದಲ್ಲಿ ಅವರು ಮಾಡಿದ ಮೊದಲ ಫೋನು.

"ನೇತ್ರಾ, ಯಾವಾಗ ಬರ್ತೀಯಮ್ಮ? ಬರ್ತಾ ಇಂಗು ತಗೊಂಡ್ ಬಾ. ಖಾಲಿಯಾಗಿದೆ."

ಮಗು ಹೇಗಿದೆ, ನೀನು ಹೇಗಿದ್ದೀಯ, ಒಂದೂ ಇಲ್ಲ. ಇಂಗು! ನೇತ್ರಾವತಿ ಹಲ್ಲು ಕಚ್ಚಿಕೊಂಡು ಸರಿ ಅಂದಳು.

ಮರುದಿನ ತುಮಕೂರಿಗೆ ಇಳಿದವಳು ಮಗಳ ಜೊತೆ ದಿನಸಿ ಅಂಗಡಿಗೆ ಹೋದಳು. ಇಷ್ಟು ವರ್ಷ ಇಂಗು ತರುತ್ತಿದ್ದವರು ಕರಿಬಸವಯ್ಯನವರೇ. ಮಂಡಿಪೇಟೆಯಿಂದ ತಂದು, ಮನೆ ಬಾಗಿಲಿಗೆ ಬರುತ್ತಲೇ ತಮ್ಮ ಕೈಯಾರೆ ಸ್ಟೀಲ್ ಡಬ್ಬಿಗೆ ಸುರಿದು, ಖಾಲಿ ಡಬ್ಬ ಎಸೆದುಬಿಡುತ್ತಿದ್ದರು. ಅಂಗಡಿಯವನು ಕೊಟ್ಟ ಇಂಗಿನ ಡಬ್ಬವನ್ನು ನೇತ್ರಾವತಿ ಅಭ್ಯಾಸಬಲದಿಂದ ತಿರುಗಿಸಿ ಓದಿದಳು. ಅಂಟು. ಗೋಧಿ ಹಿಟ್ಟು. ಆಮೇಲೆ ಇಂಗು.

ಅವಳು ಇನ್ನೊಂದು ಕಂಪನಿಯದು ಕೇಳಿದಳು. ಅದರಲ್ಲೂ ಗೋಧಿ ಹಿಟ್ಟು. ಮತ್ತೊಂದರಲ್ಲಿ ಮೈದಾ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾರಿಗೆ ರುಚಿ ಬರಲೆಂದು ಮಾವ ದಿನವೂ "ಇಂಗು ಮುಂದಾಗಿರ್ಲಿ" ಎನ್ನುತ್ತಿದ್ದರು. ಅವಳು ಸಾರಿಗೂ, ಪಲ್ಯಕ್ಕೂ, ಮಜ್ಜಿಗೆಗೂ ಧಾರಾಳವಾಗಿ ಹಾಕುತ್ತಿದ್ದಳು. ಅದನ್ನೇ ಮಗಳಿಗೆ ಬಡಿಸಿ, ತಿನ್ನು ತಿನ್ನು ಎಂದು ಬಲವಂತ ಮಾಡುತ್ತಿದ್ದಳು. ಗುಬ್ಬಿಯ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಇಂಗೇ ಇರಲಿಲ್ಲ.

"ಭೂಮಿ, ನೀನು ಹೊರಗೇನೂ ತಿಂದಿರ್ಲಿಲ್ಲ," ಅಂದಳು.

"ನಾನು ಹೇಳಿದ್ನಲ್ಲಮ್ಮ."

"ಹೇಳಿದ್ದೆ. ನಾನು ನಂಬ್ಲಿಲ್ಲ. ತಪ್ಪಾಯ್ತು ಕಣೇ."

ಅಂಗಡಿಯವನು ಬಿಲ್ಲು ಹಾಕಲೋ ಬೇಡವೋ ಎಂದು ನೋಡುತ್ತಿದ್ದ. ಹುಡುಗಿ ಅಮ್ಮನ ಕೈ ಹಿಡಿದುಕೊಂಡು ಹೊರಗೆ ಕರೆದುಕೊಂಡು ಬಂದಳು.

ಮನೆಯಲ್ಲಿ ಅಡುಗೆಮನೆ ಸಂತೆಯ ಹಾಗಿತ್ತು. ಮಾವ ಒಂದು ವಾರ ತಮ್ಮ ಒಲೆಯಲ್ಲಿ ತಾವೇ ಮಾಡಿಕೊಂಡಿದ್ದರು. ಕಿರಣ್‌ಕುಮಾರ್ ಅಮ್ಮನಿಗೆ ಮುದ್ದೆ ಮಾಡಲು ಹೋಗಿ ಕೋಲು ಮುರಿದಿದ್ದ. ನೇತ್ರಾವತಿ ಬ್ಯಾಗು ಕೆಳಗಿಟ್ಟು, ಅಂಗಡಿಯಲ್ಲಿ ಓದಿದ್ದನ್ನು ಎಲ್ಲರ ಮುಂದೆ ಹೇಳಿದಳು.

ಕರಿಬಸವಯ್ಯನವರು ಸ್ಟೀಲ್ ಡಬ್ಬಿಯ ಕಡೆ ನೋಡಿ, "ಹಂಗಾದ್ರೆ ಸಾರಿಗೆ ಏನ್ ಹಾಕದು?" ಎಂದರು.

ನೇತ್ರಾವತಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳಿಗಿಂತ ಮೊದಲು ಸಿದ್ದಗಂಗಮ್ಮನೇ ಮಂಚದಿಂದ ಗದರಿದರು: "ಸಾರಿಗೆ ಬೆಂಕಿ ಬೀಳ! ಮಗೀಗೆ ವಿಷ ಇಕ್ಕಿದಂಗಾಗೈತೆ, ಸಾರಂತೆ ಸಾರು!"

ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ ಮೊಮ್ಮಗಳ ಹತ್ತಿರ ಹೋಗಿ, "ಸಂಯಮ ಇರ್ಲಿ ಅಂತ ನಿಂಗೆ ಹೇಳ್ದೆ ಕಣವ್ವ. ನಿನ್ ಮೇಲೆ ಅನುಮಾನ ಪಟ್ಟೆ" ಎಂದರು. ಅವರೇ ಹೋಗಿ ಸ್ಟೀಲ್ ಡಬ್ಬಿಯನ್ನು ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟರು. ಆ ಒಲೆಯ ಪಾತ್ರೆಗಳನ್ನೂ ಒಂದೊಂದಾಗಿ ಉಜ್ಜಿದರು.

ಆದರೆ ನೇತ್ರಾವತಿ ಅಷ್ಟಕ್ಕೆ ಕರಗಲಿಲ್ಲ. ಕಿಟಕಿ ಪಕ್ಕದ ಒಲೆಯನ್ನು ಇನ್ನು ತಾನು ರಾತ್ರಿ ಹೊತ್ತು ಹೊತ್ತಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ಮಾವ ಒಪ್ಪಿದರು. ಈಗ ಅವರೇ ಜೀರಿಗೆ, ಮೆಣಸು, ಶುಂಠಿ ಹಾಕಿ ಸಾರು ಮಾಡಿಕೊಳ್ಳುತ್ತಾರೆ, ಮೊಮ್ಮಗಳಿಗೂ ಬಡಿಸುತ್ತಾರೆ. ಅಡುಗೆ ಪರವಾಗಿಲ್ಲ, ಆದರೆ ಒಂದು ಪಲ್ಯಕ್ಕೆ ಅಡುಗೆಮನೆಯ ಅಷ್ಟೂ ತಟ್ಟೆ ಬೇಕು. ಭೂಮಿಕಾಳ ಮುಂದಿನ ರಿಪೋರ್ಟು ನೋಡಿ ಡಾಕ್ಟರು ಪರವಾಗಿಲ್ಲ ಎಂದು ತಲೆಯಾಡಿಸಿದರು. ಹುಡುಗಿಯ ಬಳೆಗಳು ಈಗ ಮೊಣಕೈಗೆ ಜಾರುವುದಿಲ್ಲ.

ಹೋದ ಬುಧವಾರ ನೇತ್ರಾವತಿ ತನ್ನ ಒಲೆಯ ಕೆಲಸ ಬೇಗ ಮುಗಿಸಿ, ಕಾಫಿ ಹಿಡಿದು ಹಾಲ್‌ನಲ್ಲಿ ಕೂತಿದ್ದಳು. ಫ್ಯಾಕ್ಟರಿಯ ಹೆಲ್ತ್ ಕ್ಯಾಂಪಿನಿಂದ ಬಂದ ಕಿರಣ್‌ಕುಮಾರ್ ಶೂ ಬಿಚ್ಚುತ್ತ, "ಬಿ.ಪಿ. ಸ್ವಲ್ಪ ಜಾಸ್ತಿ ಅಂತೆ. ಉಪ್ಪು ಕಮ್ಮಿ ಮಾಡ್ಬೇಕಂತೆ" ಅಂದ.

ನೇತ್ರಾವತಿ ಅವನನ್ನು ನೋಡಿದಳು. ಕಾಫಿ ಬಿಸಿಯಾಗಿತ್ತು. "ಇದು ಮುಗೀಲಿ, ಆಮೇಲೆ ನೋಡಣ" ಎಂದು ಅವಳು ಕೊನೆಯ ಗುಟುಕಿನವರೆಗೂ ಕುಡಿದಳು.