ಬಂಡೆ ಹತ್ತುವ ಗಾಡಿ ಮತ್ತು ನಮ್ಮ ಅತ್ತೆ

ಮಾನ್ವಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದ ಕಾಲ. ಹೊಟ್ಟೆ ಬೆಲ್ಟಿನ ಮೇಲೆ ಬಂದು ಕೂತಿದ್ದ ವಯಸ್ಸು. ಅಂಥ ವಯಸ್ಸಿನಲ್ಲಿ ನಾನು ಆಟಿಕೆಗಳ ಚಿತ್ರಪುಸ್ತಕವೊಂದನ್ನು ಎಂಟನೆಯ ತರಗತಿಯ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆ. ಬೊಂಬಾಯಿಯಲ್ಲಿ ಹಡಗಿನ ಕೆಲಸಕ್ಕಿದ್ದ ನನ್ನ ಚಿಕ್ಕಪ್ಪನ ಮಗ ಅದನ್ನು ಅಂಚೆಯಲ್ಲಿ ಕಳಿಸಿದ್ದ. ಪುಟದ ತುಂಬ ರೇಡಿಯೋ ಅಲೆಯಿಂದ ಓಡುವ ಪುಟ್ಟ ಗಾಡಿಗಳು. ಕೈಯಲ್ಲಿ ಒಂದು ಪೆಟ್ಟಿಗೆ ಹಿಡಿದು ದೂರದಲ್ಲೇ ನಿಂತು ಓಡಿಸಬಹುದು. ಚಹಾ ಇಡಲು ಬಂದ ಹೆಂಡತಿ ಪುಸ್ತಕದ ಅಂಚು ಎತ್ತಿ ನೋಡಿದಳು.

“ಮತ್ತ ಸುರು ಆತೇನ್ರಿ?”

ಆ ‘ಮತ್ತ’ ಅನ್ನುವುದಕ್ಕೆ ಹಿಂದಿನದೊಂದು ಕಾರಣವಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದೇವದುರ್ಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಮದುವೆಯಾಗಿರಲಿಲ್ಲ. ಚಿಕ್ಕಪ್ಪನ ಮಗನಾದ ಇದೇ ತಮ್ಮ ಯಾವುದೋ ಬಂದರಿನಿಂದ ಇಂಥದ್ದೇ ಒಂದು ಕೆಂಪು ರೇಸ್ ಕಾರು ತಂದುಕೊಟ್ಟಿದ್ದ. ದಿನಾ ಸಂಜೆ ಶಾಲೆಯ ಬಯಲಿನಲ್ಲಿ ಅದನ್ನು ಓಡಿಸುತ್ತಿದ್ದೆ. ಇಡೀ ತಾಲೂಕಿನಲ್ಲಿ ಇಂಥದ್ದು ಇನ್ನೊಂದಿಲ್ಲ ಎಂಬ ಸೊಕ್ಕು ನನಗೆ ಎಷ್ಟಿತ್ತೆಂದರೆ, ಕವಿತಾಳಕ್ಕೆ ಹೆಣ್ಣು ನೋಡಲು ಹೋದಾಗಲೂ ಕಾರನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಬರುತ್ತಿರಲಿಲ್ಲ. ನನ್ನ ಬುದ್ಧಿವಂತಿಕೆಯನ್ನು ಕಾರೇ ತೋರಿಸಲಿ ಎಂದುಕೊಂಡಿದ್ದೆ.

ಹಿರಿಯರು ಮಳೆ ಬೆಳೆ ಮಾತಾಡುತ್ತಿದ್ದಾಗ ಕಾರನ್ನು ಪಡಸಾಲೆಯ ನೆಲಕ್ಕಿಟ್ಟು ಗುಂಡಿ ಒತ್ತಿದೆ. ಅದು ನುಣ್ಣನೆಯ ಶಹಾಬಾದ್ ಕಲ್ಲಿನ ನೆಲ. ದೇವದುರ್ಗದ ಮಣ್ಣಿನಲ್ಲಿ ತಿಣುಕುತ್ತಿದ್ದ ಕಾರು ಇಲ್ಲಿ ಬಾಣದಂತೆ ಹೊರಟು, ಉಪ್ಪಿಟ್ಟಿನ ತಾಟು ಹಿಡಿದು ಬರುತ್ತಿದ್ದ ಹುಡುಗಿಯ ತಾಯಿಯ ಸೀರೆಯೊಳಗೆ ನುಗ್ಗಿತು.

“ಯವ್ವಾ, ಹೆಗ್ಗಣ!” ಎಂದು ಅವರು ಹಾರಿದರು. ಉಪ್ಪಿಟ್ಟು ಹೋಗಿ ನಮ್ಮ ಕಾಕಾನ ರುಮಾಲಿನ ಮೇಲೆ ಬಿತ್ತು. ಗಾಲಿಗೆ ಸುತ್ತಿಕೊಂಡ ಸೆರಗಿನ ದಾರ ಬಿಡಿಸಲು ನಾನು ಅವರ ಕಾಲ ಬಳಿ ಕೂತಾಗ ಕಾಕಾ ರುಮಾಲು ಬಿಚ್ಚಿ ಕೊಡವತೊಡಗಿದ. ಒಳಗಿನ ಕೋಣೆಯಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದುದು ಕೇಳಿಸಿತು. ಈಗ ಚಹಾ ತಂದಿಟ್ಟವಳು ಅವಳೇ. ಗಂಡ ತೀರಿಕೊಂಡ ಮೇಲೆ ಹೊಲಮನೆಯನ್ನು ಒಬ್ಬರೇ ನಡೆಸಿದ ಆ ತಾಯಿ ಒಂದೇ ಒಂದು ಷರತ್ತು ಹಾಕಿದರು: “ಹುಡಿಗಿ ಕೊಡ್ತೀವ್ರಿ. ಆದ್ರ ಆ ಹೆಗ್ಗಣ ಆಕಿ ಮನಿಗಿ ಬರಂಗಿಲ್ಲ.” ಕಾರನ್ನು ದೇವದುರ್ಗದ ಗೆಳೆಯನೊಬ್ಬನಿಗೆ ಕೊಟ್ಟು ನಾನು ಮದುವೆಯಾದೆ.

ಅದಾಗಿ ಹತ್ತು ವರ್ಷದ ಮೇಲೆ ಈ ಚಿತ್ರಪುಸ್ತಕ ಬಂದಿತ್ತು. ಕೊನೆಗೆ ಎರಡು ಗಾಡಿಗಳು ಕಣದಲ್ಲಿ ಉಳಿದವು. ಒಂದು ನೆಲಕ್ಕೆ ಅಂಟಿಕೊಂಡಂತೆ ಓಡುವ ರೇಸ್ ಕಾರು. ಇನ್ನೊಂದು ದೊಡ್ಡ ದೊಡ್ಡ ಟೈರಿನ, ನಾಲ್ಕೂ ಗಾಲಿಗೆ ಬಲ ಹೋಗುವ, ಬಂಡೆ ಹತ್ತಲೆಂದೇ ಮಾಡಿದ ನಿಧಾನದ ಗಾಡಿ. ಈಗಿನವರು ರಾಕ್ ಕ್ರಾಲರ್ ಅನ್ನುತ್ತಾರೆ. ನಾನು ಬಂಡೆ ಗಾಡಿ ಎಂದು ಕರೆದೆ. ಅದನ್ನೇ ಯಾಕೆ ಆರಿಸಿದೆ ಎಂಬುದನ್ನು ಶಾಲೆಯ ಮಾಸ್ತರರಿಗೆಲ್ಲ ವಿವರಿಸಿದೆ: ನಮ್ಮ ಸೀಮೆಯಲ್ಲಿ ಸಪಾಟು ನೆಲವೆಲ್ಲಿದೆ, ಎಲ್ಲಿ ನೋಡಿದರೂ ಕಲ್ಲು ಗುಂಡು, ವೇಗಕ್ಕಿಂತ ಹಿಡಿತ ಮುಖ್ಯ. ಹಲ್ಲುಚಕ್ರದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೂ ತೋರಿಸಿದೆ. ಎಲ್ಲ ಕೇಳಿದ ಹಿಂದಿ ಮಾಸ್ತರರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, “ಖರೇ ಹೇಳ್ರಿ, ಓಡೂ ಕಾರಿನ ಹಿಂದ ಓಡಾಕ ಆಗಂಗಿಲ್ಲ ಅಂತ ಹೌದಲ್ರಿ?” ಎಂದರು. ಹೌದು.

ಬಂಡೆ ಗಾಡಿಯನ್ನೇ ತರಬೇಕೆಂದು ತಮ್ಮನಿಗೆ ಬರೆದೆ. ಅವನು ರಜೆಗೆ ಬಂದಾಗ ರಾಯಚೂರು ಸ್ಟೇಷನ್ನಿಗೇ ಹೋದೆ. ಅವನ ಕ್ಷೇಮ ವಿಚಾರಿಸುವ ಮೊದಲೇ ಪ್ಲಾಟ್‌ಫಾರಂ ಮೇಲೆ ಕುಕ್ಕರಗಾಲಲ್ಲಿ ಕೂತು ಗಾಡಿಯ ಪೆಟ್ಟಿಗೆ ಬಿಚ್ಚಿದೆ. ನಿಜ ಹೇಳಬೇಕೆಂದರೆ ನಾನು ರಾಯಚೂರಿಗೆ ಬಂದದ್ದು ಅತ್ತೆಯನ್ನು ಕರೆದೊಯ್ಯಲು. ಕಣ್ಣಿನ ಪೊರೆ ತೆಗೆಸಿಕೊಂಡು ಅಲ್ಲಿಯ ಆಸ್ಪತ್ರೆಯಲ್ಲಿದ್ದರು. ಎರಡು ತಿಂಗಳು ನಮ್ಮ ಮನೆಯಲ್ಲೇ ಇರುವುದೆಂದು ಆಗಿತ್ತು. ಬಸ್ಸಿನಲ್ಲಿ ಅವರ ಪಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಏನದು ಎಂದು ಅವರು ಕೇಳಿದ್ದಕ್ಕೆ, “ಸಾಲಿ ಸಾಮಾನು ರೀ” ಎಂದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದ ಹೆಂಗಸಿಗೆ ಸುಳ್ಳು ಹೇಳಿದ ವೀರ ನಾನು.

ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಬಂದ ಮೇಲೆ ಅತ್ತೆ ನೀರಮಾನ್ವಿಯ ಯಲ್ಲಮ್ಮನ ಗುಡಿಗೆ ಹೋಗಬೇಕೆಂದರು. ಮೂವರೂ ಹೋದೆವು. ಕಾಯಿ ಕರ್ಪೂರದ ಚೀಲ ಹೆಂಡತಿಯ ಕೈಯಲ್ಲಿ, ಗಾಡಿಯ ಚೀಲ ನನ್ನ ಕೈಯಲ್ಲಿ. ದರ್ಶನ ಮುಗಿಸಿ, ಊರ ಹೊರಗಿನ ಬಂಡೆಗಳ ಹತ್ತಿರ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ ಮುಗಿಯುವವರೆಗೂ ನಾನು ತಡೆದುಕೊಂಡಿದ್ದೇ ದೊಡ್ಡದು. ಗಾಡಿಯನ್ನು ಹೊರಗೆ ತೆಗೆದೆ.

ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿದರು. “ಹೆಗ್ಗಣ ಬಲ್ತದಲ್ರಿ, ಅಳ್ಯಾರ.”

“ಇದು ಹಂಗಲ್ಲ ರೀ, ಅತ್ತೀರ. ಇದು ಕೋಳಿಗಿಂತ ಸಾವಕಾಶ ಹೋಗ್ತದ.”

ಮಾತಿನಂತೆ ನಡೆದುಕೊಂಡಿದ್ದರೆ ಚೆನ್ನಾಗಿತ್ತು. ನಾನು ಓಡಿಸುವ ಪೆಟ್ಟಿಗೆಯ ಕಡ್ಡಿಯನ್ನು ಪೂರ್ತಿ ಮುಂದಕ್ಕೆ ಒತ್ತಿದೆ. ಗಾಡಿ ಮೊದಲ ಬಂಡೆಯ ಅರ್ಧಕ್ಕೆ ಹಾರಿ, ಅಂಗಾತ ಬಿತ್ತು. ಎತ್ತಿಟ್ಟೆ. ಮತ್ತೆ ಬಿತ್ತು. ಐದನೆಯ ಸಲ ಅಂತೂ ಹತ್ತಿಹೋಗಿ ಎರಡು ಗುಂಡುಗಳ ಸಂದಿಗೆ ಸಿಕ್ಕಿಕೊಂಡು ಗಿರ್ರ್ ಎಂದು ಗಾಲಿ ತಿರುಗಿಸತೊಡಗಿತು. ಪೆಟ್ಟಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಅದನ್ನು ಬಿಡಿಸಲು ನಾನೇ ಹತ್ತಿದೆ. ಗಾಡಿ ತೂರಿದ್ದ ಸಂದಿಯ ಕೆಳಗೇ ಇನ್ನೊಂದು ಸಂದಿ ಇತ್ತು. ಅದರಲ್ಲಿ ನನ್ನ ಎಡಗಾಲು ಮೊಣಕಾಲಿನವರೆಗೆ ಇಳಿಯಿತು. ಪರ್ರ್ ಎಂದು ಸದ್ದಾಯಿತು. ಅದು ಗಾಡಿಯದಲ್ಲ, ಪ್ಯಾಂಟಿನದು. ಹೊಟ್ಟೆ ಬಂಡೆಗೆ ಆತುಕೊಂಡಿತ್ತು. ಮೇಲೆ ಹೋಗಲಾರೆ, ಕೆಳಗೆ ಬರಲಾರೆ.

“ಕಾಲು ಎಳಕೋರಿ,” ಎಂದಳು ಹೆಂಡತಿ.

“ಬರವಲ್ದು.”

ಅಷ್ಟರಲ್ಲಿ ತಲೆಯ ಮೇಲೆ ಮತ್ತೆ ಗಾಲಿಯ ಸದ್ದಾಯಿತು. ಕತ್ತು ತಿರುಗಿಸಿ ನೋಡಿದರೆ ಪೆಟ್ಟಿಗೆ ಅತ್ತೆಯ ಕೈಯಲ್ಲಿತ್ತು.

“ಅತ್ತೀರ, ಅದನ್ನ ಮುಟ್ಟಬ್ಯಾಡ್ರಿ! ನಾಜೂಕಿಂದದ!”

“ನೀವು ಸುಮ್ಮ ನಿಂದರ್ರಿ. ಗುಡ್ಡ ಹತ್ತು ಎತ್ತಿಗಿ ಯಾರರ ಹೊಡೀತಾರೇನ್ರಿ? ಹಗ್ಗ ಸಡ್ಲ ಬಿಟ್ಟು ಉಸ್ರು ತಗೊಳ್ಳಾಕ ಬಿಡಬೇಕು.”

ಗಂಡ ತೀರಿಕೊಂಡ ಮೇಲೆ ಎಷ್ಟೋ ವರ್ಷ ಅವರು ತಾವೇ ಚಕ್ಕಡಿ ಹೂಡಿದವರು. ಎರಡು ಹೆಬ್ಬೆಟ್ಟಿನಿಂದ ಕಡ್ಡಿಗಳನ್ನು ಕೂದಲೆಳೆಯಷ್ಟು ಸರಿಸಿದರು. ಗಾಡಿ ಒಂದು ಅಂಗುಲ ಹಿಂದೆ ಬಂತು, ನಿಂತಿತು, ಗಾಲಿ ಓರೆ ಮಾಡಿತು, ಸಂದಿಯಿಂದ ಹೊರಬಿತ್ತು. ಆಮೇಲೆ ನನ್ನ ಮೊಣಕೈ ಪಕ್ಕದಲ್ಲೇ ಹಾಯ್ದು ಬಂಡೆಯ ನೆತ್ತಿಗೆ ಹೋಗಿ ನಿಂತಿತು. ಬೋರ್ಡಿನ ಮೇಲೆ ನಾನು ಬರೆದಿದ್ದ ಲೆಕ್ಕ ಇದೇ. ಅದನ್ನು ಮೊದಲ ಸಲ ಮಾಡಿ ತೋರಿಸಿದವರು ಅತ್ತೆ.

ಹೆಂಡತಿ ಕಂಕುಳಿಗೆ ಕೈ ಹಾಕಿ ನನ್ನನ್ನು ಎಳೆದು ತೆಗೆಯುವ ಹೊತ್ತಿಗೆ ಅತ್ತೆ ಎರಡನೆಯ ಬಂಡೆಗೆ ಹೊರಟಿದ್ದರು. ಅವರ ಟಾವೆಲನ್ನು ಸೊಂಟಕ್ಕೆ ಸುತ್ತಿಕೊಂಡು ನಾನು ಮಾನ್ವಿಯ ಬಸ್ಸು ಹತ್ತಿದೆ.

ಅಂದಿನಿಂದ ದಿನಾ ಸಂಜೆ ಅತ್ತೆ ಓಡಿಸುವವರು, ನಾನು ಬ್ಯಾಟರಿ ಚಾರ್ಜು ಮಾಡುವವನು. ಹಿತ್ತಲಿನ ಒಗೆಯುವ ಕಲ್ಲು, ಕಟ್ಟಿಗೆಯ ರಾಶಿ, ಮುರಿದ ಬೀಸುಕಲ್ಲು ಯಾವುದನ್ನೂ ಬಿಡಲಿಲ್ಲ. ಎರಡು ತಿಂಗಳಾಗಿ ಕವಿತಾಳಕ್ಕೆ ಹೊರಟ ದಿನ ಅವರು ಬಾಗಿಲಲ್ಲಿ ನಿಂತು ತುಸು ನಾಚಿಕೊಂಡೇ ಕೇಳಿದರು. “ಅಳ್ಯಾರ, ಅದನ್ನ ಒಂದೀಟು ದಿನ ನನ್ ಜತಿ ಕಳಸ್ತೀರೇನ್ರಿ?”

“ಬ್ಯಾಟ್ರಿ ಸರಿ ಇಲ್ಲ ರೀ,” ಎಂದೆ. ಬ್ಯಾಟರಿ ಸರಿಯಾಗಿಯೇ ಇತ್ತು. ಅವರು ತಮ್ಮ ಚೀಲ ಎತ್ತಿಕೊಂಡು ಹೋಗಿ ಬಸ್ಸು ಹತ್ತಿದರು. ಹೆಂಡತಿ ನಾಲ್ಕು ದಿನ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದಳು. ಸಂಜೆ ಒಬ್ಬನೇ ಹಿತ್ತಲಲ್ಲಿ ಗಾಡಿ ಓಡಿಸಿದರೆ ಅದು ಒಗೆಯುವ ಕಲ್ಲಿನಿಂದ ಬೀಳುತ್ತಲೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಬಿದ್ದಾಗ “ಹಂಗಲ್ರಿ” ಅನ್ನುವವರು ಯಾರೂ ಇರಲಿಲ್ಲ.

ಐದನೆಯ ದಿನ ಭಾನುವಾರ. ಗಾಡಿ, ಪೆಟ್ಟಿಗೆ, ಚಾರ್ಜರು ಎಲ್ಲ ಕಟ್ಟಿಕೊಂಡು ಕವಿತಾಳಕ್ಕೆ ಹೋದೆ. ಅತ್ತೆ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಚೀಲವನ್ನು ಕಟ್ಟೆಯ ಮೇಲಿಟ್ಟು, “ಬ್ಯಾಟ್ರಿ ಸರಿ ಆತ್ರಿ,” ಎಂದೆ.

“ಆಗಿರ್ತದ ಬಿಡ್ರಿ,” ಎಂದು ನಕ್ಕು, ಕೈ ತೊಳೆದುಕೊಂಡು ಬಂದರು.

ಆಮೇಲಿನ ಎರಡು ವರ್ಷ, ಹಲ್ಲುಚಕ್ರ ಸವೆದು ಗಾಡಿ ಪೂರ್ತಿ ನಿಲ್ಲುವವರೆಗೆ, ನಾನು ವಾರ ಬಿಟ್ಟು ವಾರ ಕವಿತಾಳಕ್ಕೆ ಹೋಗುತ್ತಿದ್ದೆ. ಅತ್ತೆಯ ಹೊಲದ ಬದುವಿನ ಕಲ್ಲುಗಳ ಮೇಲೆ ಅವರು ಮೂರು ಸಲ, ನಾನು ಒಂದು ಸಲ ಓಡಿಸುವುದು ಎಂದು ಕರಾರಾಗಿತ್ತು. ಅತ್ತೆಯ ಆರೋಗ್ಯ ವಿಚಾರಿಸಲು ಇಷ್ಟು ತಪ್ಪದೆ ಬರುವ ಅಳಿಯನನ್ನು ತಾವು ಕಂಡಿಲ್ಲ ಎಂದು ಓಣಿಯವರು ಹೇಳುತ್ತಿದ್ದರಂತೆ. ನಾನೂ ಅತ್ತೆಯೂ ಅದನ್ನು ತಿದ್ದಲು ಹೋಗಲಿಲ್ಲ.