ಪ್ಲೇ ಬಟನ್ ಹಿಂದಿನ ಕೈ

ವೆಬ್ ಪುಟದೊಳಗೆ ವಿಡಿಯೊ ಕೂರಿಸುವುದು ಇನ್ನೂ ಹೊಸದಾಗಿದ್ದ ಕಾಲ. ಬಸವೇಶ್ವರನಗರದ ಮಹಡಿ ಪೋರ್ಷನ್ನಿನಲ್ಲಿ ಕೂತು ನಾನು ಅಂಥ ಪುಟಗಳನ್ನು ಮಾಡಿಕೊಡುತ್ತಿದ್ದೆ. ಪ್ಲೇ ಬಟನ್ ಎಂದರೆ ನನಗೆ ಹುಚ್ಚು. ಅದರ ದುಂಡು, ಒಳಗಿನ ತ್ರಿಕೋನ, ಮೌಸ್ ಹತ್ತಿರ ಬಂದಾಗ ಬದಲಾಗುವ ಬಣ್ಣ, ಎಲ್ಲಕ್ಕೂ ತಲೆ ಕೆಡಿಸಿಕೊಳ್ಳುತ್ತಿದ್ದೆ. ಬೇಡ ಎಂದವರ ಮುಂದೆ ವಿಡಿಯೊ ತಾನಾಗಿ ಬಡಕೊಳ್ಳಬಾರದು ಎನ್ನುವುದು ನನ್ನ ಹಟ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತಗಡು ಒತ್ತುವ ಕಾರ್ಖಾನೆಯ ಮಾಲೀಕನೊಬ್ಬ ಸುರಕ್ಷತೆಯ ಬಗ್ಗೆ ಮಾಹಿತಿ ಪುಟ ಬೇಕೆಂದು ಕರೆಸಿದ. ಅವನಿಗೆ ಬಹುವಚನ ಕೊಡಲು ಇವತ್ತಿಗೂ ನನಗೆ ಮನಸ್ಸಿಲ್ಲ. ಪ್ರೆಸ್ ಮೆಷಿನ್ನಿಗೆ ಎರಡು ಬಟನ್. ಎರಡು ಕೈಯಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ; ಕೈಗಳು ಹೊರಗಿರಲಿ ಎಂದೇ ಹಾಗೆ. ಆದರೆ ಕೆಲಸ ಬೇಗ ಸಾಗಲೆಂದು ಒಂದು ಬಟನ್ನಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದು ಒತ್ತಿಯೇ ಇಡುವುದು ಅಲ್ಲಿನ ವಾಡಿಕೆ. ರಬ್ಬರ್ ಕತ್ತರಿಸಿ ಕೊಡುತ್ತಿದ್ದವನು ಮೇಸ್ತ್ರಿಯೇ. ಹೊಸ ಮೆಷಿನ್ನನ್ನು ಗಿರಾಕಿಗಳಿಗೆ ತೋರಿಸಲೆಂದು ಮಾಲೀಕ ಹ್ಯಾಂಡಿಕ್ಯಾಮ್ ಹಿಡಿದು ನಿಂತಿದ್ದಾಗ ಕೆಲಸಗಾರರೊಬ್ಬರ ಬಲಗೈ ಅಚ್ಚಿನಡಿ ಸಿಕ್ಕಿತ್ತು.

ಅದೆಲ್ಲ ದಾಖಲಾಗಿದ್ದ ಟೇಪು ಕೊಟ್ಟು, ವಿಡಿಯೊ ಚೀರಾಟದಿಂದಲೇ ಶುರುವಾಗಲಿ, ಅದಕ್ಕೆ ಹಿಂದಿನದೆಲ್ಲ ಬೇಡ ಎಂದ. ಹಾಕಿ ನೋಡಿದೆ. ಅಚ್ಚು ಮೇಲೆದ್ದಾಗ ನಾಲ್ಕು ಬೆರಳು ತಗಡಿಗೆ ಅಂಟಿಕೊಂಡಿದ್ದವು, ಕೈ ಮಾತ್ರ ಹಿಂದಕ್ಕೆ ಬಂತು. ರಕ್ತ ಎಣ್ಣೆಯೊಂದಿಗೆ ಬೆರೆತು ಮೆಷಿನ್ ಮೇಲಿಂದ ಇಳಿಯಿತು. ಬಟನ್ ಗಿಟನ್ ಬೇಡ, ಪುಟ ತೆರೆದ ಕೂಡಲೇ ವಿಡಿಯೊ ಓಡಬೇಕು, ನೋಡಿದವನ ಎದೆ ನಡುಗಬೇಕು ಎಂದು ಅವನ ಅಪ್ಪಣೆ.

ಕಾರ್ಖಾನೆಯ ಆಫೀಸಿನ ಕಂಪ್ಯೂಟರಿನಲ್ಲಿ ಮೊದಲ ಕರಡು ತೋರಿಸಿದೆ. ಚೀರಾಟ ಕೇಳಿದ್ದೇ ತಡ, ಬಾಗಿಲ ಬಳಿ ಕೂತಿದ್ದ ನಡುವಯಸ್ಸಿನವರೊಬ್ಬರು ಬಲಗೈಯನ್ನು ಕಂಕುಳಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಬಾಗಲಕೋಟೆ ಕಡೆಯವರು. ಆ ಕೈ ಅವರದೇ. ಬೆರಳು ಹೋದ ಮೇಲೆ, ಬಂದವರಿಗೆ ನೀರು ಕೊಡಲು ಅಲ್ಲಿ ಕೂರಿಸಿದ್ದರು. ಬಂದವರಿಗೆಲ್ಲ ಇನ್ನು ಈ ಪುಟ ತೋರಿಸುವುದೂ ಅದೇ ಕೋಣೆಯಲ್ಲಿ. ಕೋಪ ನೆತ್ತಿಗೇರಿತು. ಇವರನ್ನು ಒಂದು ಮಾತು ಕೇಳಿದ್ದೀರಾ ಎಂದೆ. ಕೇಳೋದೇನು, ಕಾರ್ಖಾನೆ ನನ್ನದು, ಕ್ಯಾಮೆರಾ ನನ್ನದು ಎಂದ ಮಾಲೀಕ. ಅವನು ಒಳಗೆ ಹೋದ ಮೇಲೆ ನಾನೇ ಕೇಳಿದೆ.

"ಬಟನ್ ಹಾಕ್ರಿ ಮೇಡಂ. ನೋಡಾವ ಒತ್ತಿ ನೋಡ್ಲಿ. ಯಾರರ ಬಂದಾಗೊಮ್ಮೆ ನನ್ನ ಕೈ ಯಾಕ ಹೋಗಬೇಕ್ರಿ?"

ಬಟನ್ನಿನ ಹಿಂದೆ ಕಾಣುವ ಚಿತ್ರದಲ್ಲಾದರೂ ಕೈ ಪೂರ್ತಿ ಇರಲಿ ಎಂದೂ ಕೇಳಿಕೊಂಡರು.

ಪೂರ್ತಿ ಕೈ ಬೇಕಿದ್ದರೆ ಟೇಪಿನಲ್ಲಿ ಹಿಂದಕ್ಕೆ ಹೋಗಿ, ವಿಡಿಯೊವನ್ನು ಅಲ್ಲಿಂದಲೇ ಶುರು ಮಾಡಬೇಕಿತ್ತು. ಅಲ್ಲಿ ಕೇಳಿಸಿದ್ದನ್ನು ನಾನು ಬೇಕೆಂದೇ ಕತ್ತರಿಸಲಿಲ್ಲ. ಬಟನ್ ನಡುವೆ ಕೂತರೆ ಬೆರಳುಗಳನ್ನೇ ಮುಚ್ಚುತ್ತಿತ್ತು. ಕೆಳಗಿನ ಮೂಲೆಗೆ ಇಳಿಸಿದೆ. ಪ್ರೆಸ್ಸಿನ ಬಟನ್ ಹಸಿರು ಎಂದು ಇದಕ್ಕೆ ಬೂದಿ ಬಣ್ಣ ಹಾಕಿದೆ.

ಮಾಲೀಕ ನೋಡಿ ಕುದಿದುಹೋದ. ಟೇಬಲ್ ಗುದ್ದಿದ. ಮೂಲೆಯಲ್ಲಿರುವುದನ್ನು ಯಾವನು ಒತ್ತುತ್ತಾನೆ ಎಂದು ನೀರಿನ ಲೋಟ ತೆಗೆದು ಗೋಡೆಗೆ ಎಸೆದ. ಬಾಗಿಲ ಬಳಿ ಕೂತಿದ್ದ ಅವರನ್ನು ರಟ್ಟೆ ಹಿಡಿದು ದರದರ ಎಳೆದುತಂದು ಕಂಪ್ಯೂಟರಿನ ಮುಂದೆ ನಿಲ್ಲಿಸಿ, ಒತ್ತೋ ನೋಡೋಣ ಎಂದ. ಅಡ್ಡ ಹೋದ ನನ್ನನ್ನೂ ತಳ್ಳಿದ, ಬೀರುವಿನ ಅಂಚಿಗೆ ಮೊಣಕೈ ಬಡಿದು ಚರ್ಮ ಕಿತ್ತಿತು. ಅವರು ಮಾತ್ರ ಕದಲಲಿಲ್ಲ.

"ನಾ ಅವತ್ತ ಒಮ್ಮೆ ಒತ್ತೀನ್ರಿ. ಈಗ ನೀವ ಒತ್ರಿ."

ಮಾಲೀಕ ಮೌಸ್ ಎಳೆದುಕೊಂಡು ಒತ್ತಿದ. ಪರದೆಯ ಮೇಲೆ ಐದು ಬೆರಳಿನ ಕೈ ತಗಡು ಇಡುತ್ತಿತ್ತು. ಚೀರಾಟಕ್ಕೆ ಮೊದಲು ಕ್ಯಾಮೆರಾದ ಹಿಂದಿನಿಂದ ಅವನದೇ ದನಿ ಬಂತು: "ಬೇಗ ಬೇಗ ಹೊಡಿಯೋ, ರೆಕಾರ್ಡ್ ಆಗ್ತಾ ಇದೆ."

ಅವನು ಸ್ಪೀಕರಿನ ವೈರು ಕಿತ್ತೆಸೆದ. ಪರದೆಯ ಮೇಲೆ ಅಚ್ಚು ಸದ್ದಿಲ್ಲದೆ ಇಳಿಯಿತು.